ಇಬ್ಬರು ಊದಬೇಕಾದ ಕೊಳಲು
ವೇದಿಕೆಯ ಮೇಲೆ ಒಂದು ಬಟ್ಟೆ ಹಾಸಿ, ಅದರ ಮೇಲೆ ಹತ್ತಾರು ಕೊಳಲುಗಳನ್ನು ಸಾಲಾಗಿ ಇಟ್ಟಿದ್ದರು. ನಡುವೆ ಒಂದು ಬೆಳ್ಳುಳ್ಳಿ ಎಸಳು! ಕಾರ್ಯಕ್ರಮ ಶುರುವಾಗುವವರೆಗೂ ನನ್ನ ಕಣ್ಣು ಅದರ ಮೇಲೇ ಇತ್ತು.

ಕಲಾವಿದೆ ಬಂದವರೇ ಎಸಳನ್ನು ಕತ್ತರಿಸಿ, ಚೀನಾದ ಡೀಜಿ ಕೊಳಲನ್ನು ಎತ್ತಿಕೊಂಡರು. ಅದರಲ್ಲಿ ಊದುವ ತೂತಿಗೂ ಬೆರಳಿಡುವ ತೂತುಗಳಿಗೂ ನಡುವೆ ಇನ್ನೊಂದು ತೂತಿರುತ್ತದೆ. ಅದರ ಸುತ್ತ ಬೆಳ್ಳುಳ್ಳಿ ರಸ ಸವರಿ, ಮುಟ್ಟಿದರೆ ಹರಿಯುವಷ್ಟು ತೆಳುವಾದ ಪೊರೆಯೊಂದನ್ನು ಅಂಟಿಸಿದರು. ಜೊಂಡಿನ ಒಳಗಿಂದ ಬಿಡಿಸಿದ ಪೊರೆ. ಬೆರಳ ತುದಿಯಿಂದ ಅದರಲ್ಲಿ ಸಣ್ಣ ಸಣ್ಣ ನೆರಿಗೆ ಮೂಡಿಸಿದರು. ಊದಿದಾಗ ಪೊರೆ ನಡುಗಿ, ಸ್ವರದ ಜೊತೆಗೇ ಒಂದು ಝೇಂಕಾರ ಎದ್ದಿತು. ಮೈ ಜುಮ್ಮೆಂದಿತು.

ಆಮೇಲೆ ಜಪಾನಿನ ಶಾಕುಹಾಚಿ. ಐದೇ ತೂತು. ಗದ್ದ ತಗ್ಗಿಸಿದರೆ ಸ್ವರ ಜಾರಿ ಇಳಿಯುತ್ತದೆ. ಸ್ಲೊವಾಕಿಯಾದ ಕುರಿಗಾಹಿಗಳ ಫುಯಾರಾ ಹೆಚ್ಚುಕಮ್ಮಿ ಆಳೆತ್ತರ, ತೂತು ಮಾತ್ರ ಮೂರು. ಉಳಿದದ್ದೆಲ್ಲ ಉಸಿರಿನ ಬಿರುಸಿನ ಮೇಲೇ ನಿಂತಿದೆ.

ಕೊನೆಗೆ ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳ ಸೀಕು ಹಿಡಿದು, "ಇದನ್ನು ಒಬ್ಬಳೇ ನುಡಿಸಲಾರೆ, ಯಾರಾದರೂ ಬರ್ತೀರಾ?" ಎಂದರು. ನಾನು ಎದ್ದು ಹೋದೆ.

ಸೀಕು ಅಂದರೆ ಜೋಡಿಸಿ ಕಟ್ಟಿದ ಬಿದಿರು ಕೊಳವೆಗಳು. ಇದರಲ್ಲಿ ಎರಡು ಪಾಲು. ಆರು ಕೊಳವೆಗಳ ಇರಾ ಅವರ ಕೈಯಲ್ಲಿ, ಏಳು ಕೊಳವೆಗಳ ಅರ್ಕಾ ನನ್ನ ಕೈಯಲ್ಲಿ. ಒಂದು ಸ್ವರ ಅವರ ಬಳಿ ಇದ್ದರೆ ಮುಂದಿನದು ನನ್ನ ಬಳಿ. ಒಬ್ಬರ ಹತ್ತಿರ ಇಡೀ ರಾಗ ಇಲ್ಲವೇ ಇಲ್ಲ!

ಮೊದಲು ಬರೀ ಗಾಳಿ ಬಂತು. "ಖಾಲಿ ಬಾಟಲಿಯ ಬಾಯಿಗೆ ಊದ್ತೀವಲ್ಲ, ಹಾಗೆ ಊದಿ" ಎಂದರು. ಬಂತು. ಅವರು ಒಂದು, ನಾನು ಒಂದು. ನಾಲ್ಕೇ ಸುತ್ತಿಗೆ ನನ್ನ ತಲೆ ಗಿರ್ ಅಂತು. ಇದನ್ನು ಊದುವ ಟಿಟಿಕಾಕಾ ಸರೋವರದ ಸೀಮೆ 3,800 ಮೀಟರ್ ಎತ್ತರದಲ್ಲಿದೆ. ಅಲ್ಲಿನ ತೆಳುಗಾಳಿಯಲ್ಲಿ, ಎದುರಿನವರು ಊದುವಾಗ ಸಿಗುವ ಆ ಒಂದು ಉಸಿರಿಗೆ ಎಷ್ಟು ಬೆಲೆ ಅಲ್ವಾ?

ಮನಸ್ಸಿನಲ್ಲೇ ಎಣಿಸುತ್ತಿದ್ದಷ್ಟು ಹೊತ್ತು ನಾನು ತಡವಾಗುತ್ತಲೇ ಇದ್ದೆ. ಎಣಿಸುವುದು ಬಿಟ್ಟು ಅವರ ಉಸಿರಿಗೆ ಕಿವಿ ಕೊಟ್ಟೆ. ಆಗ ಎರಡು ಪಾಲೂ ಸೇರಿ ಒಂದೇ ಹಾಡಾಗಿ ಹರಿಯತೊಡಗಿತು.

ಕೊನೆಯ ಸ್ವರ ನನ್ನ ಪಾಲಿಗೆ ಬಂತು. ಅವರು ಸೀಕು ಕೆಳಗಿಳಿಸಿ, ನನ್ನ ಕಡೆ ತಿರುಗಿ, ಸುಮ್ನೆ ಕಾದರು. ನಾನು ಊದಿದೆ.