ಒಂದು ಬಡಾವಣೆಯ ಸುತ್ತ ಗೆರೆ ಎಳೆಯುವ ಕೆಲಸ

ಹಳೆಯ ಕಟ್ಟಡಗಳ ಸಮೀಕ್ಷೆ ನನ್ನ ವೃತ್ತಿ. ಒಂದು ಮನೆಯನ್ನು ಅಳೆದು, ಚಿತ್ರ ತೆಗೆದು, ಅದರ ಕಾಲವನ್ನೂ ಸ್ಥಿತಿಯನ್ನೂ ನಮೂದಿಸಿ ಶ್ರೇಣಿ ಕೊಡುವುದು ಅಭ್ಯಾಸದಿಂದ ಕೈಗೆ ಹತ್ತುವ ಕೆಲಸ. ಆದರೆ ಇಡೀ ಬಡಾವಣೆಯೊಂದು ಪಾರಂಪರಿಕ ವಲಯವೆಂಬ ರಕ್ಷಣೆಗೆ ಅರ್ಹವೇ, ಅರ್ಹವಾದರೆ ಆ ವಲಯ ಯಾವ ಅಡ್ಡರಸ್ತೆಗೆ ಮುಗಿಯಬೇಕು ಎಂದು ತೀರ್ಮಾನಿಸುವುದಕ್ಕೆ ಬೇರೆಯೇ ಕಣ್ಣು ಬೇಕೆಂಬುದು ಬೆಂಗಳೂರಿನ ಮಲ್ಲೇಶ್ವರದಲ್ಲಿ ಕೆಲಸ ಮಾಡುವಾಗ ನನಗೆ ಮನವರಿಕೆಯಾಯಿತು.

ಕಾನೂನಿನಿಂದ ಇದಕ್ಕೆ ಸಿಗುವ ನೆರವು ಸ್ವಲ್ಪವೇ. ಪ್ರಾಚೀನ ಸ್ಮಾರಕಗಳಿಗೆ ಸಂಬಂಧಿಸಿದ 1958ರ ಕೇಂದ್ರ ಕಾಯ್ದೆ ಕನಿಷ್ಠ 100 ವರ್ಷ ಹಳೆಯದಾದ ರಚನೆಗಳನ್ನು ಗಮನಿಸುತ್ತದೆ; 2010ರ ತಿದ್ದುಪಡಿಯು ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶವನ್ನೂ ಅದರಾಚೆಗೆ 200 ಮೀಟರ್ ನಿಯಂತ್ರಿತ ಪ್ರದೇಶವನ್ನೂ ಗೊತ್ತುಪಡಿಸುತ್ತದೆ. ದೇವಾಲಯಕ್ಕೋ ಕೋಟೆಗೋ ಒಪ್ಪುವ ಈ ಅಳತೆಯು ಜನ ಅಡುಗೆ ಮಾಡಿಕೊಂಡು, ಬಾಡಿಗೆಗೆ ಕೊಟ್ಟುಕೊಂಡು, ಪಾಲು ಹಂಚಿಕೊಂಡು ಬದುಕುತ್ತಿರುವ ಬೀದಿಗೆ ಒಗ್ಗುವುದಿಲ್ಲ. ಬೀದಿಯನ್ನು ಕಾಯಬೇಕಾದರೆ ನಗರ ಯೋಜನೆಯ ವಲಯ ನಿಯಮಗಳನ್ನೇ ನಂಬಬೇಕು. ಮುಂಬೈ 1995ರಲ್ಲಿಯೇ ಅಂಥ ನಿಯಮಗಳನ್ನು ಮಾಡಿ, ಬಿಡಿ ಕಟ್ಟಡಗಳ ಜೊತೆಗೆ ಇಡೀ ಪ್ರದೇಶಗಳನ್ನೂ ಪಟ್ಟಿಗೆ ಸೇರಿಸಿತು.

ಮೊದಲ ಸುತ್ತಿನಲ್ಲಿ ನಾವು ಎಲ್ಲರೂ ಮಾಡುವುದನ್ನೇ ಮಾಡಿದೆವು, ಅಂದರೆ ಮನೆಗೊಂದು ನಮೂನೆ ತುಂಬಿದೆವು. ಕಿಟಕಿಯ ಮೇಲೆ ಚೂಪಾಗಿ ಮುಂಚಾಚಿದ, ಮಂಕಿ ಟಾಪ್ ಎಂದು ಕರೆಯುವ ಮರದ ಮರೆ, ಕಾರ್ಖಾನೆಯ ಹೆಸರಿನ ಅಚ್ಚೊತ್ತಿದ ಮಂಗಳೂರು ಹೆಂಚು, ಗಾರೆಯ ಗೋಡೆ, ಕೆಂಪು ನೆಲ, ಬೀದಿಗೆ ತೆರೆದ ಜಗಲಿ ಇವೆಲ್ಲಕ್ಕೂ ಅಂಕಗಳಿದ್ದವು. ಕೊನೆಗೆ ನಕ್ಷೆಯ ಮೇಲೆ ಮೂಡಿದ್ದು ಅಲ್ಲೊಂದು ಇಲ್ಲೊಂದು ಚುಕ್ಕೆ. ಅದನ್ನು ನೋಡಿದ ಯೋಜನಾ ಅಧಿಕಾರಿಯೊಬ್ಬರು, ಇದರಲ್ಲಿ ವಲಯ ಎಲ್ಲಿದೆ ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ.

ಉತ್ತರ ಮನೆಗಳಲ್ಲಿ ಇರಲಿಲ್ಲ, ನಿವೇಶನಗಳಲ್ಲಿ ಇತ್ತು. ಮಲ್ಲೇಶ್ವರವೂ ಬಸವನಗುಡಿಯೂ 1890ರ ದಶಕದಲ್ಲಿ ರೂಪುಗೊಂಡ ಬಡಾವಣೆಗಳು. 1898ರಲ್ಲಿ ಪ್ಲೇಗು ಬಂದು ಪೇಟೆಯ ಇಕ್ಕಟ್ಟಿಗೆ ಜನ ಹೆದರಿದ ಮೇಲೆ ಅವು ಬೇಗ ತುಂಬಿಕೊಂಡವು. ಗಾಳಿ ಬೆಳಕು ಬೇಕೆಂಬ ಆ ಕಾಲದ ಆತಂಕವೇ ನೇರ ರಸ್ತೆಗಳಾಗಿ, ಮನೆಯ ಮುಂದೆ ಬಿಟ್ಟ ಜಾಗವಾಗಿ, ಹಿತ್ತಿಲಾಗಿ, ಹಿಂಬದಿಯ ಗಲ್ಲಿಯಾಗಿ ನೆಲದ ಮೇಲೆ ಬರೆದುಕೊಂಡಿದೆ. ಮನೆಗಳು ಎರಡು ಮೂರು ಬಾರಿ ಬದಲಾಗಿದ್ದರೂ ಈ ಬರಹ ಉಳಿದಿರಬಹುದು. ಚೆಂದದ ನಾಲ್ಕು ಮನೆಗಳು ಉಳಿದಿದ್ದರೂ ಅಕ್ಕಪಕ್ಕದ ನಿವೇಶನಗಳು ಒಂದಾಗಿ ಅಪಾರ್ಟ್‌ಮೆಂಟ್ ಎದ್ದಿದ್ದರೆ ಬರಹ ಅಳಿಸಿಹೋಗಿರಬಹುದು. ಹಾಗಾಗಿ ಎರಡನೆಯ ಸುತ್ತಿನಲ್ಲಿ ಹಳೆಯ ನಿವೇಶನ ನಕ್ಷೆಯನ್ನು ಕೈಯಲ್ಲಿ ಹಿಡಿದು, ಗೆರೆಗಳು ಎಲ್ಲೆಲ್ಲಿ ಇನ್ನೂ ನಿಂತಿವೆ ಎಂಬುದನ್ನಷ್ಟೇ ಗುರುತಿಸಿದೆವು.

ಒಂದು ಅಡ್ಡರಸ್ತೆಯಲ್ಲಿ ಹೆಂಚಿನ ಮನೆಯೊಂದರ ಮಗ್ಗುಲಿಗೆ, ಬಹುಶಃ 1970ರ ದಶಕದ, ಯಾವ ಅಲಂಕಾರವೂ ಇಲ್ಲದ ಕಾಂಕ್ರೀಟ್ ಮನೆಯಿದೆ. ಅದು ಹಳೆಯ ನಿವೇಶನದ ಗಡಿಯನ್ನು ಮೀರಿಲ್ಲ, ಮುಂದಿನ ಜಾಗವನ್ನು ನುಂಗಿಲ್ಲ, ಕಾಂಪೌಂಡಿನ ಕಲ್ಲುಚಪ್ಪಡಿಗಳನ್ನೂ ಸಂಪಿಗೆ ಮರವನ್ನೂ ಉಳಿಸಿಕೊಂಡಿದೆ. ಅದನ್ನು ನಾನು ಪೂರಕ ಕಟ್ಟಡವೆಂದು, ಅಂದರೆ ವಲಯದ ಲಕ್ಷಣಕ್ಕೆ ಬಲ ಕೊಡುವ ಕಟ್ಟಡವೆಂದು ದಾಖಲಿಸಿದಾಗ ಸಹೋದ್ಯೋಗಿಗಳು ನಕ್ಕರು. ಅದೇ ಸಾಲಿನ ತುದಿಯಲ್ಲಿ ಹೊಸದಾಗಿ ಮಂಕಿ ಟಾಪ್ ಅಂಟಿಸಿಕೊಂಡ, ಮುಂದಿನ ಜಾಗವನ್ನೆಲ್ಲ ವಾಹನ ನಿಲ್ಲಿಸಲು ಗಟ್ಟಿ ನೆಲ ಮಾಡಿಕೊಂಡ ಕಟ್ಟಡಕ್ಕೆ ಆ ಮಾನ್ಯತೆ ಕೊಡಲು ನಾನು ಒಪ್ಪಲಿಲ್ಲ. ಈಗಲೂ ಒಪ್ಪುವುದಿಲ್ಲ.

ಹಿಂಬದಿಯ ಗಲ್ಲಿಯ ವಿಷಯ ಇನ್ನೂ ತೊಡಕಿನದು. ಇವತ್ತು ಬಣ್ಣ ಬಳಿದರೆ ಚೆನ್ನಾಗಿ ಕಾಣುವ ಈ ಓಣಿಗಳು ಹುಟ್ಟಿದ್ದು ಮಲ ಹೊರುವವರು ಮನೆಯ ಮುಂಬಾಗಿಲಿನತ್ತ ಸುಳಿಯದೆ ಬಂದು ಹೋಗಲೆಂದು. ಬಡಾವಣೆಯ ನಿವೇಶನಗಳನ್ನೂ ಜಾತಿ, ಸಮುದಾಯಗಳ ಲೆಕ್ಕದಲ್ಲಿ ಬೇರೆ ಬೇರೆ ಬ್ಲಾಕುಗಳಾಗಿ ವಿಂಗಡಿಸಲಾಗಿತ್ತು. ವಲಯವನ್ನು ಏಕೆ ಕಾಯಬೇಕೆಂದು ವಿವರಿಸುವ ಪಾರಂಪರಿಕ ಮಹತ್ವದ ಹೇಳಿಕೆಯ ಮೊದಲ ಕರಡಿನಲ್ಲಿ ಹಳೆಯ ಕಾಲದ ನೆಮ್ಮದಿಯ ಬದುಕು ಎಂಬ ಮಾತಿತ್ತು. ಅದನ್ನು ತೆಗೆಸಿ, ಯಾರ ನೆಮ್ಮದಿಯನ್ನು ಯಾರ ದುಡಿಮೆ ನಡೆಸಿತು ಎಂಬುದನ್ನು ಗಲ್ಲಿಯನ್ನೇ ಸಾಕ್ಷಿಯಾಗಿಟ್ಟು ಬರೆಯಬೇಕೆಂದು ನಾನು ಪಟ್ಟು ಹಿಡಿದೆ. ಗಲ್ಲಿಯನ್ನು ಒತ್ತುವರಿ ಮಾಡಿದರೆ ಕಳೆದುಹೋಗುವುದು ಆ ಸಾಕ್ಷಿಯೂ ಹೌದು.

ಮನೆಯವರ ಮಾತನ್ನು ನಾವು ಸಾಮಾನ್ಯವಾಗಿ ಕೊನೆಗೆ ಕೇಳುತ್ತೇವೆ; ಅದು ಮೊದಲೇ ಆಗಬೇಕಾದ ಕೆಲಸ. ವಯಸ್ಸಾದ ಮಹಿಳೆಯೊಬ್ಬರು ಜಗಲಿಯಲ್ಲಿ ಕೂರಿಸಿ, ಕಾಫಿ ಕೊಟ್ಟು, "ಪಟ್ಟಿಗೆ ಸೇರಿಸ್ತೀರಿ ಸರಿ, ಮಳೆಗಾಲದಲ್ಲಿ ಸೋರಿದರೆ ಹೆಂಚು ಬದಲಿಸೋ ಆಳನ್ನ ಕಳಿಸ್ತೀರಾ?" ಎಂದು ಕೇಳಿದರು. ಮನೆ ಅಣ್ಣತಮ್ಮಂದಿರ ಹೆಸರಿನಲ್ಲಿ ಅವಿಭಕ್ತವಾಗಿದ್ದರೆ, ಪಾಲು ಹಂಚಲು ಮಾರುವುದೊಂದೇ ದಾರಿಯಾಗಿದ್ದರೆ, ರಕ್ಷಣೆ ಅವರಿಗೆ ದಂಡದಂತೆಯೇ ಕಾಣುತ್ತದೆ. ಕಳೆದುಕೊಂಡ ಕಟ್ಟುವ ಹಕ್ಕನ್ನು ಬೇರೆಡೆಗೆ ವರ್ಗಾಯಿಸುವ ವ್ಯವಸ್ಥೆ ಕಾಗದದ ಮೇಲೆ ಚೆನ್ನಾಗಿದೆ, ಆದರೆ ಆ ಹಕ್ಕಿನ ಪತ್ರವನ್ನು ಕೊಳ್ಳುವವರು ಸಿಗದಿದ್ದರೆ ಅದರಿಂದ ಹೆಂಚು ಬರುವುದಿಲ್ಲ. ಪಟ್ಟಿ ಬರುತ್ತದೆಂಬ ಸುದ್ದಿ ಹಬ್ಬಿದರೆ ಆದೇಶಕ್ಕಿಂತ ಮೊದಲೇ ಜೆಸಿಬಿ ಬರುತ್ತದೆ. ಆದ್ದರಿಂದ ದುರಸ್ತಿಯ ನೆರವು, ತೆರಿಗೆಯ ರಿಯಾಯಿತಿ ಮತ್ತು ಕಟ್ಟಡ ಕೆಡವುವುದಕ್ಕೆ ತಾತ್ಕಾಲಿಕ ತಡೆ ಮೂರೂ ಒಂದೇ ದಿನ ಜಾರಿಗೆ ಬರಬೇಕೆಂಬುದು ನನ್ನ ವಾದ.

ಉಳಿದದ್ದು ಗಡಿ. ನಕ್ಷೆಯಲ್ಲಿ ಗಡಿಯನ್ನು ರಸ್ತೆಯ ನಡುವೆ ಎಳೆಯುವುದು ಸುಲಭ, ಆದರೆ ಹಾಗೆ ಮಾಡಿದರೆ ಒಂದು ಬದಿಯ ಜಗಲಿ ಎದುರುಬದಿಯ ಹತ್ತು ಮಹಡಿಯನ್ನು ನೋಡುತ್ತ ಕೂರಬೇಕಾಗುತ್ತದೆ. ರಸ್ತೆಯ ಎರಡೂ ಬದಿ ಒಂದೇ ವಲಯದಲ್ಲಿರಲಿ, ಗಡಿ ಹಿಂಬದಿಯ ಗಲ್ಲಿಗೆ ಬರಲಿ ಎಂದು ನಾವು ಶಿಫಾರಸು ಮಾಡಿದೆವು. ಅಂಗಡಿಗಳೇ ತುಂಬಿರುವ ಸಂಪಿಗೆ ರಸ್ತೆಯನ್ನು ಬಿಟ್ಟುಬಿಡೋಣ ಎಂದವರಿದ್ದರು. ಅಲ್ಲಿ ವ್ಯಾಪಾರಕ್ಕೆ ಅಡ್ಡಿ ಬೇಡ, ನೆಲಮಹಡಿಯಲ್ಲಿ ಏನು ಬೇಕಾದರೂ ಮಾರಲಿ, ಬೋರ್ಡಿನ ಅಳತೆಯ ಬಗ್ಗೆಯೂ ನನಗೆ ಹೆಚ್ಚು ತಕರಾರಿಲ್ಲ. ಆದರೆ ಎರಡು ನಿವೇಶನಗಳನ್ನು ಒಂದಾಗಿಸಲು ಮಾತ್ರ ಅನುಮತಿ ಕೊಡಬಾರದು ಎಂಬ ಒಂದೇ ಷರತ್ತಿನೊಂದಿಗೆ ಅದನ್ನೂ ಗೆರೆಯೊಳಗೆ ತಂದೆವು.