ಬೆಳಿಗ್ಗೆ ಹ್ಯಾಂಗ್, ಮಧ್ಯಾಹ್ನ ಬ್ಲೂ ಸ್ಕ್ರೀನ್

"ಬೆಳಿಗ್ಗೆ ಆನ್ ಮಾಡಿದರೆ ಲೋಗೋ ಬಂದು ಅಲ್ಲೇ ನಿಂತುಬಿಡುತ್ತಪ್ಪಾ. ಮಧ್ಯಾಹ್ನ ಆಲ್ಬಂ ಸೇವ್ ಮಾಡುವಾಗ ಬ್ಲೂ ಸ್ಕ್ರೀನ್ ಬರುತ್ತೆ."

ಫೋಟೋ ಸ್ಟುಡಿಯೋ ಇಟ್ಟುಕೊಂಡಿರುವ ಅಣ್ಣ ಒಬ್ಬರು ಕ್ಯಾಬಿನೆಟ್ ತಂದು ನಮ್ಮ ಸರ್ವಿಸ್ ಅಂಗಡಿಯ ಕೌಂಟರ್ ಮೇಲೆ ಇಟ್ಟು ಹೇಳಿದ್ದು ಇದು. ಬ್ಲೂ ಸ್ಕ್ರೀನ್ ಅಂದರೆ ವಿಂಡೋಸ್ ಕೆಲಸ ನಿಲ್ಲಿಸಿ ತಪ್ಪಿನ ಹೆಸರು ತೋರಿಸುವ ನೀಲಿ ಪರದೆ. ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ ಒಂದೊಂದೇ ಪಾರ್ಟ್ ಆರಿಸಿ ತಂದು, ಅವರೇ ಕೂತು ಜೋಡಿಸಿದ ಕಂಪ್ಯೂಟರ್. ಮೂರು ವರ್ಷ ಒಂದು ತೊಂದರೆಯೂ ಕೊಟ್ಟಿರಲಿಲ್ಲವಂತೆ. ಬೆಳಿಗ್ಗೆಯದು ಬೇರೆ, ಮಧ್ಯಾಹ್ನದ್ದು ಬೇರೆ ಎಂದು ಅವರು ಬಿಡಿಸಿ ಹೇಳಿದರೂ ನಾನು ಎರಡನ್ನೂ ಒಂದೇ ಕಾಯಿಲೆ ಎಂದುಕೊಂಡೆ. ಆ ತಪ್ಪಿಗೆ ಅವರ ಹತ್ತು ದಿನ ಹೋಯಿತು, ಅದೂ ಮದುವೆ ಸೀಸನ್‌ನಲ್ಲಿ.

ನಮ್ಮ ಹತ್ತಿರ ಬರುವ ಮೊದಲೇ ಅವರು ಪವರ್ ಸಪ್ಲೈ, ಅಂದರೆ ಎಸ್‌ಎಂಪಿಎಸ್ ಬದಲಾಯಿಸಿದ್ದರು. ವಿಂಡೋಸ್ ದಾಖಲೆ ತೋರಿಸುವ ಇವೆಂಟ್ ವ್ಯೂವರ್‌ನಲ್ಲಿ 'ಕರ್ನಲ್ ಪವರ್ 41' ಎಂದು ಕೆಂಪು ಗುರುತು ಇದೆ, ಹಾಗಾಗಿ ಪವರ್ ಸಪ್ಲೈ ಹೋಗಿದೆ ಎಂದು ಯಾರೋ ಹೇಳಿದ್ದರಂತೆ. ಈ 41 ನೋಡಿ ಸುಮ್ನೆ ದುಡ್ಡು ಕಳೆದುಕೊಂಡವರನ್ನು ನಾನು ಬಹಳ ಜನ ನೋಡಿದ್ದೇನೆ. ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗದೆ ಮತ್ತೆ ಶುರುವಾಗಿದೆ, ಅಷ್ಟೇ ಅದರ ಅರ್ಥ. ಕರೆಂಟ್ ಹೋದರೂ ಅದು ಬರುತ್ತೆ, ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿದರೂ ಬರುತ್ತೆ. ಕಾರಣ ಅದರಲ್ಲಿ ಸಿಗುವುದಿಲ್ಲ.

ನಾನು ಮಾಡಿದ ಕೆಲಸವೂ ಅದಕ್ಕಿಂತ ಒಳ್ಳೆಯದಾಗಿರಲಿಲ್ಲ. ಫಾರ್ಮ್ಯಾಟ್ ಹೊಡೆದು ಹೊಸದಾಗಿ ವಿಂಡೋಸ್ ಹಾಕಿದೆ. ಎರಡು ಗಂಟೆ ಓಡಿಸಿ ನೋಡಿದೆ, ಚೆನ್ನಾಗೇ ಓಡಿತು. ಕೊಟ್ಟು ಕಳಿಸಿದೆ. ಮೂರನೇ ದಿನ ಕ್ಯಾಬಿನೆಟ್ ವಾಪಸ್ ಬಂತು. ಅಣ್ಣ ರೇಗಲಿಲ್ಲ. ಮೊಬೈಲ್ ತೆಗೆದು ಒಂದು ಫೋಟೋ ತೋರಿಸಿದರು. ಸೇವ್ ಮಾಡಿದ್ದ ಆಲ್ಬಂ ಪುಟ ಅದು. ಮೇಲೆ ಮದುಮಗಳ ಮುಖ ಸರಿಯಾಗಿದೆ, ಕೆಳಗೆ ಅರ್ಧ ಪುಟ ಬರೀ ಬೂದು ಬಣ್ಣ.

ಅದನ್ನು ನೋಡಿದ ಮೇಲೆ ಕೂತು ಬ್ಲೂ ಸ್ಕ್ರೀನ್‌ಗಳ ದಾಖಲೆ ತೆಗೆದೆ. ಒಂದು ಸಲ 'ಮೆಮೊರಿ ಮ್ಯಾನೇಜ್‌ಮೆಂಟ್', ಇನ್ನೊಂದು ಸಲ 'ಪೇಜ್ ಫಾಲ್ಟ್', ಮತ್ತೊಂದು ಸಲ ಬೇರೆಯೇ ಹೆಸರು. ಪ್ರತಿ ಸಲ ಒಂದೇ ಹೆಸರು ಬರುತ್ತಿದ್ದರೆ ಯಾವುದಾದರೂ ಡ್ರೈವರ್ (ಬಿಡಿಭಾಗ ನಡೆಸುವ ಸಾಫ್ಟ್‌ವೇರ್) ಮೇಲೆ ಅನುಮಾನ ಪಡಬಹುದು. ಹೀಗೆ ಸಲಕ್ಕೊಂದು ಹೆಸರು ಬಂದರೆ ನಾನು ಈಗ ಮೊದಲು, ಕೆಲಸ ನಡೆಯುವಾಗ ಮಾಹಿತಿ ಹಿಡಿದಿಡುವ ರ‍್ಯಾಮ್ ನೋಡುತ್ತೇನೆ. ಫೈಲ್ ಡಿಸ್ಕಿಗೆ ಹೋಗುವುದು ರ‍್ಯಾಮ್ ಮೂಲಕವೇ ಅಲ್ವಾ? ಅಲ್ಲಿ ಒಂದು ಬಿಟ್ 0 ಇದ್ದದ್ದು 1 ಎಂದು ತಿರುಗಿದರೆ ಆ ತಪ್ಪೇ ಡಿಸ್ಕಿನಲ್ಲಿ ಬರೆದು ಕೂರುತ್ತೆ. ರ‍್ಯಾಮ್ ಪರೀಕ್ಷೆ ಮಾಡದೆ ಫಾರ್ಮ್ಯಾಟ್ ಹೊಡೆದರೆ ಹೊಸ ವಿಂಡೋಸ್‌ನ ಫೈಲ್‌ಗಳೂ ಕೆಡಬಹುದು. ನಾನು ಮಾಡಿದ್ದು ಅಂಥದ್ದೇ ಕೆಲಸ.

"ಇತ್ತೀಚೆಗೆ ಏನಾದರೂ ಹೊಸದು ಹಾಕಿದಿರಾ ಅಣ್ಣಾ?" ಎಂದು ಆಗ ಕೇಳಿದೆ. ಮೊದಲ ದಿನವೇ ಕೇಳಬೇಕಿತ್ತು. ಮೊದಲಿದ್ದ ಎರಡು 8 ಜಿಬಿ ರ‍್ಯಾಮ್ ಜೊತೆಗೆ ಇನ್ನೆರಡು 8 ಜಿಬಿ ಸೇರಿಸಿದ್ದರು. ಕಂಪನಿ ಅದೇ, ಎರಡರ ಮೇಲೂ ವೇಗ 3200 ಎಂದೇ ಬರೆದಿದೆ. ಮೆಮ್‌ಟೆಸ್ಟ್86 ಎಂಬ ಮೆಮೊರಿ ಪರೀಕ್ಷೆಯ ಸಾಫ್ಟ್‌ವೇರ್ ಅನ್ನು ಪೆನ್‌ಡ್ರೈವ್‌ಗೆ ಹಾಕಿ ರಾತ್ರಿಯಿಡೀ ಓಡಿಸಿದೆ. ಬೆಳಿಗ್ಗೆ ಬಂದು ನೋಡಿದರೆ ಪರದೆ ತುಂಬ ಕೆಂಪು ಸಾಲುಗಳು. ಮುಂದಿನ ದಿನಗಳಲ್ಲಿ ಹಳೆಯ ಜೋಡಿಯನ್ನು ಮಾತ್ರ ಹಾಕಿ ಓಡಿಸಿದೆ, ಒಂದೂ ತಪ್ಪಿಲ್ಲ. ಹೊಸ ಜೋಡಿ ಮಾತ್ರ ಹಾಕಿದೆ, ಅದರಲ್ಲೂ ಇಲ್ಲ. ನಾಲ್ಕೂ ಒಟ್ಟಿಗೆ ಇದ್ದಾಗ ಮಾತ್ರ ತಪ್ಪು.

ಅಂದರೆ ಯಾವ ರ‍್ಯಾಮೂ ಕೆಟ್ಟಿರಲಿಲ್ಲ. ಡಬ್ಬದ ಮೇಲಿನ 3200 ವೇಗ ಆ ಒಂದು ಡಬ್ಬದಲ್ಲಿ ಒಟ್ಟಿಗೆ ಬಂದ ಜೋಡಿಗೆ ಹೇಳಿದ ಮಾತು. ವಿಂಡೋಸ್‌ಗಿಂತ ಮೊದಲು ಎದ್ದು ಕಂಪ್ಯೂಟರ್ ಶುರು ಮಾಡುವ ಬಯೋಸ್‌ನಲ್ಲಿ ಎಕ್ಸ್‌ಎಂಪಿ ಎಂಬ ಮೆಮೊರಿ ಸೆಟ್ಟಿಂಗ್ ಆನ್ ಮಾಡಿದಾಗ ಬರುವುದು ಆ ವೇಗ. ಎರಡು ಜೋಡಿ ಬೆರೆಸಿದರೆ ಆ ಮಾತು ನಿಲ್ಲುವುದಿಲ್ಲ, ನಾಲ್ಕು ಸ್ಲಾಟ್ ತುಂಬಿದರೆ ಪ್ರೊಸೆಸರ್ ಒಳಗಿನ ಮೆಮೊರಿ ಕಂಟ್ರೋಲರ್‌ಗೂ ಹೊರೆ ಜಾಸ್ತಿ. ವೇಗವನ್ನು 2666ಕ್ಕೆ ಇಳಿಸಿ ಮತ್ತೆ ಒಂದು ರಾತ್ರಿ ಓಡಿಸಿದೆ. ಒಂದೂ ತಪ್ಪು ಬರಲಿಲ್ಲ. ಆಮೇಲೆ ವಿಂಡೋಸ್ ಇನ್ನೊಮ್ಮೆ ಹಾಕಿದೆ. ವೇಗ ಕಡಿಮೆಯಾದದ್ದು ಆಲ್ಬಂ ಕೆಲಸದಲ್ಲಿ ಅಣ್ಣನಿಗೆ ಗೊತ್ತೇ ಆಗಲಿಲ್ಲ. ಈ ಕೆಲಸಕ್ಕೆ ನಾನು ದುಡ್ಡು ತೆಗೆದುಕೊಳ್ಳಲಿಲ್ಲ.

ಬ್ಲೂ ಸ್ಕ್ರೀನ್ ನಿಂತಿತು. ಆದರೆ ಮಾರನೇ ದಿನ ಬೆಳಿಗ್ಗೆ ಒಂಬತ್ತೂವರೆಗೆ ಅಣ್ಣನ ಫೋನ್. "ಲೋಗೋದಲ್ಲೇ ನಿಂತಿದೆಯಪ್ಪಾ."

ನಮ್ಮ ಅಂಗಡಿಯಲ್ಲಿ ಅದು ಒಂದು ಸಲವೂ ಹಾಗೆ ನಿಂತಿರಲಿಲ್ಲ. ಹಾಗಾದರೆ ನಮ್ಮಲ್ಲಿಗೆ ಬಾರದೇ ಇರುವುದು ಏನೋ ಸ್ಟುಡಿಯೋದಲ್ಲಿದೆ. ಬೈಕ್ ತೆಗೆದುಕೊಂಡು ಹೋದೆ. ಪ್ರಿಂಟರ್, ಕಾರ್ಡ್ ರೀಡರ್, ಒಂದು ಹಳೆಯ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್, ಎಲ್ಲ ಹಿಂದೆ ಚುಚ್ಚಿಕೊಂಡು ನಿಂತಿವೆ. ಅಂಗಡಿಗೆ ತರುವಾಗ ಅಣ್ಣ ಬರೀ ಕ್ಯಾಬಿನೆಟ್ ತಂದಿದ್ದರು, ಎಲ್ಲರೂ ಹಾಗೇ ತರುತ್ತಾರೆ. ಎಲ್ಲ ಕಿತ್ತು ಆನ್ ಮಾಡಿದೆ, ಕೂಡಲೇ ವಿಂಡೋಸ್ ಬಂತು. ಒಂದೊಂದೇ ಚುಚ್ಚಿ, ಪ್ರತಿ ಸಲ ಆಫ್ ಮಾಡಿ ಆನ್ ಮಾಡಿದೆ. ಹಾರ್ಡ್ ಡಿಸ್ಕ್ ಚುಚ್ಚಿದಾಗ ಲೋಗೋದಲ್ಲೇ ನಿಂತಿತು. ಕಿವಿ ಹತ್ತಿರ ಇಟ್ಟರೆ ಟಕ್, ಟಕ್ ಎಂದು ಸದ್ದು. ಶುರುವಾಗುವಾಗ ಬಯೋಸ್ ಪ್ರತಿಯೊಂದು ಡಿಸ್ಕನ್ನೂ ಮಾತಾಡಿಸುತ್ತೆ, ಇದು ಉತ್ತರ ಕೊಡದೆ ಅದನ್ನು ಕಾಯಿಸುತ್ತಿತ್ತು. ರಾತ್ರಿಯೆಲ್ಲ ತಣ್ಣಗೆ ಬಿದ್ದಿದ್ದ ಡಿಸ್ಕ್ ಮೊದಲ ಸಲ ತಿರುಗಲು ಒದ್ದಾಡುತ್ತಿತ್ತು ಎಂದು ಕಾಣುತ್ತೆ. ಸ್ವಲ್ಪ ಹೊತ್ತು ಓಡಿ ಬಿಸಿಯಾದ ಮೇಲೆ ಎರಡನೇ ಸಲಕ್ಕೆ ಸರಿಯಾಗಿ ಎದ್ದಿತು.

ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ನೋಡಿದರೆ ಹಳದಿ ಎಚ್ಚರಿಕೆ, ಓದಲು ಆಗದೆ ಕಾಯುತ್ತಿರುವ ಸೆಕ್ಟರ್‌ಗಳು. "ಇದರಲ್ಲಿ ಏನಿದೆ ಅಣ್ಣಾ?" ಎಂದೆ. ಎರಡು ವರ್ಷದ ಮದುವೆ ಫೋಟೋಗಳಂತೆ. ಬೇರೆ ಕಡೆ ಕಾಪಿ ಇಲ್ಲ.

ಹೀಗಿರುವ ಡಿಸ್ಕಿನ ಮೇಲೆ ವಿಂಡೋಸ್‌ನ ಡಿಸ್ಕ್ ರಿಪೇರಿ ಸಾಧನವಾದ ಚೆಕ್‌ಡಿಸ್ಕ್ ಓಡಿಸಬಾರದು. ಕೆಟ್ಟ ಸೆಕ್ಟರ್ ಹುಡುಕಲು ಹೇಳಿದರೆ ಅದು ಎಲ್ಲ ಮೂಲೆಯನ್ನೂ ಓದಿಸಿ, ಇರುವ ಸ್ವಲ್ಪ ಜೀವವನ್ನೂ ತೆಗೆಯಬಹುದು. ಇನ್ನೂ ಆಲ್ಬಂ ಕೊಡಬೇಕಾದ ಮದುವೆಗಳು ಯಾವುವು ಎಂದು ಕೇಳಿ, ಆ ಫೋಲ್ಡರ್‌ಗಳನ್ನು ಮೊದಲು ಹೊಸ ಡಿಸ್ಕಿಗೆ ಹಾಕಿದೆ. ಆಮೇಲೆ ಉಳಿದವು. ಸಂಜೆ ಏಳರವರೆಗೂ ಅಲ್ಲೇ ಕೂತಿದ್ದೆವು, ಡಿಸ್ಕ್ ಅಲುಗಾಡದಂತೆ ಮೇಜು ಮುಟ್ಟದೆ. ಒಂದು ನಾಮಕರಣದ ಫೋಲ್ಡರ್‌ನಲ್ಲಿ ಹನ್ನೊಂದು ಫೋಟೋ ತೆರೆಯಲಿಲ್ಲ. ಮಿಕ್ಕಿದ್ದೆಲ್ಲ ಬಂತು. ಆ ಹನ್ನೊಂದರ ನಂಬರ್‌ಗಳನ್ನು ಅಣ್ಣ ಒಂದು ಚೀಟಿಯಲ್ಲಿ ಬರೆದುಕೊಂಡು, ಆ ಮನೆಯವರಿಗೆ ಫೋನ್ ಮಾಡಲು ಹೊರಗೆ ಹೋದರು.