ನಾಲ್ಕು ಜನಾನ ನಾಲ್ಕು ರೂಮಲ್ಲಿ ಕೂರಿಸಿದ್ದು ನನ್ನ ತಪ್ಪು

ಬನಶಂಕರಿ ಹತ್ರ ಒಂದು ಸಣ್ಣ ಸ್ಟುಡಿಯೋದಲ್ಲಿ ನಾನು ರೆಕಾರ್ಡಿಂಗ್ ಎಂಜಿನಿಯರ್. ನಮ್ಮಲ್ಲಿ ಜಾಸ್ತಿ ಭಾವಗೀತೆ, ಭಕ್ತಿಗೀತೆ. ತಬಲಾ ಇವತ್ತು, ಕೊಳಲು ನಾಳೆ, ಹಾಡೋರು ಅವ್ರಿಗೆ ಬಿಡುವಾದಾಗ. ಹೋದ ವರ್ಷ ಒಬ್ರು ಜಾಝ್ ಗಿಟಾರಿಸ್ಟ್ ಕ್ವಾರ್ಟೆಟ್ ಆಲ್ಬಮ್ ಮಾಡ್ಬೇಕು ಅಂತ ಬಂದ್ರು. ಗಿಟಾರ್, ಪಿಯಾನೋ, ಡಬಲ್ ಬೇಸ್, ಡ್ರಮ್ಸ್. ನಾನು ರೂಢಿ ಪ್ರಕಾರ ಒಬ್ಬೊಬ್ರನ್ನ ಒಂದೊಂದು ಕಡೆ ಕೂರಿಸ್ದೆ, ಎಲ್ರಿಗೂ ಹೆಡ್‌ಫೋನ್, ಕಿವೀಲಿ ಲಯ ಹಿಡಿಯೋಕೆ ಟಕ್ ಟಕ್ ಅನ್ನೋ ಕ್ಲಿಕ್.

ಮೊದಲ್ನೇ ದಿನದ ಟ್ರ್ಯಾಕ್‌ಗಳು ತುಂಬಾ ಕ್ಲೀನ್. ಆದ್ರೆ ಕೇಳಿದ್ರೆ ಜೀವಾನೇ ಇಲ್ಲ. ಗಿಟಾರ್, ಪಿಯಾನೋ ಎರಡೂ ಕಾರ್ಡ್, ಅಂದ್ರೆ ಒಟ್ಟಿಗೇ ಹಲವು ಸ್ವರ, ನುಡಿಸೋ ವಾದ್ಯ, ಒಬ್ರು ಮಾತಾಡುವಾಗ ಇನ್ನೊಬ್ರು ಜಾಗ ಬಿಡ್ಬೇಕು, ಗೋಡೆ ಆಚೆ ಕೂತೋರಿಗೆ ಗಿಟಾರಿಸ್ಟ್ ಕೈ ಯಾವಾಗ ಮೆತ್ತಗಾಯ್ತು ಅಂತ ಹೇಗೆ ಕಾಣತ್ತೆ?

ಸಂಜೆ ಟೀ ಕುಡಿತಾ ಗಿಟಾರಿಸ್ಟ್ ಅಮೆರಿಕದ ಜಾಝ್ ಗಿಟಾರಿಸ್ಟ್ ವೆಸ್ ಮಾಂಟ್ಗೊಮರಿ ಅವ್ರ 1960ರ ಕ್ವಾರ್ಟೆಟ್ ಆಲ್ಬಮ್ ಹಾಕಿದ್ರು, ‘ದಿ ಇನ್‌ಕ್ರೆಡಿಬಲ್ ಜಾಝ್ ಗಿಟಾರ್’. "ನೋಡಪ್ಪಾ, ಜನವರೀಲಿ ಎರಡೇ ದಿನ, ನ್ಯೂಯಾರ್ಕಲ್ಲಿ ಮಾಡಿ ಮುಗಿಸಿದ್ದು" ಅಂದ್ರು. ವೆಸ್ ತಂತಿ ಮೀಟೋ ಪಿಕ್ ಮುಟ್ತಿರ್ಲಿಲ್ಲ, ಹೆಬ್ಬೆರಳಲ್ಲೇ ನುಡಿಸ್ತಿದ್ದಿದ್ದು, ಅದಕ್ಕೇ ಸ್ವರದ ಅಂಚು ಅಷ್ಟು ದುಂಡಗೆ. ನಂಗೆ ಅದಕ್ಕಿಂತ ಹಿಡಿಸಿದ್ದು ಟಾಮಿ ಫ್ಲ್ಯಾನಗನ್ ಪಿಯಾನೋ, ಗಿಟಾರ್ ಹಿಂದೆ ಎಷ್ಟು ಅಳತೆಯಾಗಿ ನುಡಿಸಿದಾರೆ! ಚಾಮರಾಜಪೇಟೆ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಚೇರಿ ನೆನಪಾಯ್ತು, ಮೃದಂಗದೋರು ಹಾಡೋರ ಕೈ ನೋಡ್ತಾನೇ ಇರ್ತಾರಲ್ಲ. ಇಷ್ಟು ವರ್ಷ ಕೇಳಿದೀನಿ, ಕೆಲಸಕ್ಕೆ ಮಾತ್ರ ತಂದಿರ್ಲಿಲ್ಲ.

ಮಾರನೇ ದಿನ ಎಲ್ರೂ ಒಂದೇ ರೂಮು, ಅರ್ಧ ಚಂದ್ರಾಕಾರ, ಕ್ಲಿಕ್ ಇಲ್ಲ, ಹೆಡ್‌ಫೋನ್ ಇಲ್ಲ, ಡ್ರಮ್ಸ್ ಮುಂದೆ ದಪ್ಪ ಕಂಬಳಿ ಅಡ್ಡ. ಈಗ ಎಲ್ಲಾ ಮೈಕಲ್ಲೂ ಎಲ್ಲಾ ಸದ್ದು. ವಾದ್ಯಕ್ಕೆ ಒಂದಡಿ ದೂರ ಮೈಕ್ ಇದ್ರೆ ಪಕ್ಕದ ಮೈಕ್ ಕನಿಷ್ಠ ಮೂರಡಿ ಆಚೆ ಇರ್ಬೇಕು ಅನ್ನೋದು ನಮ್ಮ ಲೆಕ್ಕ, ಜೊತೆಗೆ ಸದ್ದು ಒಂದು ಮೀಟರ್ ದಾಟೋಕೆ ಸುಮಾರು 3 ಮಿಲಿಸೆಕೆಂಡ್ ಬೇಕು, ಅದೇ ಸದ್ದು ಎರಡು ಮೈಕಿಗೆ ಹಿಂದೆಮುಂದೆ ಬಂದ್ರೆ ಬೇಸ್ ಸೊರಗಿ ಹೋಗತ್ತೆ. ಬೇಸ್ ಮೈಕ್ ಒಂದನ್ನೇ ಗೇಣು ಗೇಣು ಸರಿಸ್ತಾ ಎರಡು ಗಂಟೆ ಕಳೆದೆ. ಬೇಸ್ ಕಮ್ಮಿ ಅನ್ಸಿ ಆ ಮೈಕಿನ ಫೇಡರ್, ಅಂದ್ರೆ ಸದ್ದು ಹೆಚ್ಚುಕಮ್ಮಿ ಮಾಡೋ ಗುಂಡಿ, ಏರಿಸಿದ್ರೆ ಡ್ರಮ್ಸೂ ಏರತ್ತೆ, ಅದಕ್ಕೇ ಡ್ರಮ್ಮರ್‌ಗೆ ಕೋಲು ಬಿಟ್ಟು ಬ್ರಷ್ ಹಿಡೀರಿ ಅಂತ ಕೇಳ್ಕೊಂಡೆ. ಒಬ್ರು ತಪ್ಪಿದ್ರೆ ಆ ಜಾಗ ಮಾತ್ರ ತಿದ್ದೋಕಾಗಲ್ಲ, ಪೂರ್ತಿ ಮತ್ತೆ ನುಡಿಸ್ಬೇಕು, ಇದನ್ನ ಬುಕಿಂಗ್ ಟೈಮಲ್ಲೇ ಹೇಳ್ಬಿಡಿ.

ನಿಧಾನದ ಒಂದು ಟ್ಯೂನಲ್ಲಿ ನಾಲ್ಕನೇ ಟೇಕ್, ಬೇಸ್ ಒಂದು ಸ್ವರ ಜಾರ್ತು, ಪಿಯಾನೋದೋರು ತಕ್ಷಣ ಅದೇ ಸ್ವರಾನ ಎತ್ಕೊಂಡು ಕಾರ್ಡ್ ಬದಲಾಯಿಸಿದ್ರು, ಗಿಟಾರಿಸ್ಟ್ ತಲೆ ಎತ್ತಿ ನಕ್ಕರು. ಇನ್ನೊಂದು ಟೇಕ್ ತಗೊಳ್ಳೋಣ್ವಾ ಅಂದೆ. ಬೇಡ ಅಂದ್ರು. ಆಲ್ಬಮ್ಮಲ್ಲಿರೋದು ಅದೇ.